ಎಂಟು ಚೀಲ ಹದಿನಾರಾದಾಗ: ವೆಬ್ ಸೇವೆಗಳ ಪರೀಕ್ಷೆ ಮತ್ತು ದೋಷ ಪತ್ತೆಗೆ ಸಮಗ್ರ ಮಾರ್ಗದರ್ಶಿ

"ನಾನು ದಾಖಲಿಸಿದ್ದು ಎಂಟು ಚೀಲ, ತಮ್ಮಾ. ಮೊಬೈಲಿನಲ್ಲಿ ಹದಿನಾರು ತೋರಿಸುತ್ತಿದೆ. ಉಳಿದ ಎಂಟು ಯಾರದ್ದು?"

ದೇವಿಮನೆ ಘಟ್ಟದ ಬುಡದಲ್ಲಿರುವ ಊರಿನ ಬೆಳೆಗಾರರೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ನಾವು ಕೆಲವರು ಶಿರಸಿಯಲ್ಲಿ ಕುಳಿತು ಒಂದು ಸಣ್ಣ ವೆಬ್ ಸೇವೆ ಕಟ್ಟಿದ್ದೆವು. ಬೆಳೆಗಾರರು ಅಡಿಕೆ ಲಾಟನ್ನು ಪೇಟೆಗೆ ಕಳಿಸುವ ಮೊದಲೇ ಮೊಬೈಲಿನಲ್ಲಿ ದಾಖಲಿಸಬಹುದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಹೀಗೆ ಬಗೆವಾರು ದರ ನೋಡಬಹುದು. ನಮ್ಮ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಹಾಗಾಗಿ ಆ ಕರೆ ಬಂದ ಮೇಲೆ ಮೂರು ದಿನ ಕೋಡಿನ ಸಾಲುಗಳನ್ನೇ ಮತ್ತೆ ಮತ್ತೆ ಓದಿದೆ. ದೋಷ ಅಲ್ಲಿರಲಿಲ್ಲ. ಅದು ಫೋನಿಗೂ ಸರ್ವರಿಗೂ ನಡುವಿನ ಹನ್ನೆರಡು ಸೆಕೆಂಡುಗಳಲ್ಲಿ ಅಡಗಿತ್ತು.

ಅಲ್ಲಿಂದ ನಾನು ಹಿಡಿದ ಪದ್ಧತಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಅದರ ತಿರುಳು ಇಷ್ಟೇ: ಏನಾಗಿರಬಹುದು ಎಂದು ಊಹಿಸುವ ಮೊದಲು, ನಿಜವಾಗಿ ಏನು ಹೋಯಿತು, ಏನು ಬಂತು ಎಂಬುದನ್ನು ಕಣ್ಣಾರೆ ನೋಡಬೇಕು. ನೋಡುವುದಕ್ಕೆ ಬೇಕಾದ ಸಲಕರಣೆಗಳೆಲ್ಲ ಉಚಿತವಾಗಿಯೇ ಸಿಗುತ್ತವೆ. ಒಂದು ವೆಬ್ ಸೇವೆಯನ್ನು ಬರೆದು ಓಡಿಸುವಷ್ಟು ತಿಳಿದವರು ಇದನ್ನು ಅನುಸರಿಸಬಹುದು. ನೀವು ಬಳಸುವ ಪ್ರೋಗ್ರಾಮಿಂಗ್ ಭಾಷೆ ಯಾವುದಾದರೂ ಆದೀತು.

ಹಂತ 1: ಕೋರಿಕೆಯ ದಾರಿಯನ್ನು ಕಾಗದದ ಮೇಲೆ ಬರೆಯಿರಿ

ಬೇಸಿಗೆಯಲ್ಲಿ ತೋಟದ ತುದಿಯ ಸ್ಪ್ರಿಂಕ್ಲರಿಗೆ ನೀರು ಬರದಿದ್ದರೆ ಯಾರೂ ಇಡೀ ತೋಟದ ಪೈಪನ್ನು ಅಗೆಯುವುದಿಲ್ಲ. ನಡುವಿನ ಒಂದು ಜಾಯಿಂಟ್ ಬಿಚ್ಚಿ ನೋಡುತ್ತಾರೆ. ಅಲ್ಲಿ ನೀರು ಬಂದರೆ ತೊಂದರೆ ಅದರಿಂದಾಚೆ, ಬಾರದಿದ್ದರೆ ಅದರಿಂದೀಚೆ. ವೆಬ್ ಸೇವೆಯಲ್ಲೂ ಹೀಗೆಯೇ ಅರ್ಧ ಅರ್ಧ ಮಾಡುತ್ತ ಹೋಗಬೇಕು. ಅದಕ್ಕೆ ಮೊದಲು ಜಾಯಿಂಟ್‌ಗಳು ಎಲ್ಲೆಲ್ಲಿವೆ ಎಂದು ಗೊತ್ತಿರಬೇಕು.

ಫೋನಿನ ಆ್ಯಪ್ ಕೋರಿಕೆಯನ್ನು ತಯಾರಿಸುತ್ತದೆ. ಡಿಎನ್ಎಸ್ ಸರ್ವರಿನ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುತ್ತದೆ. ಟಿಸಿಪಿ ಸಂಪರ್ಕ ಏರ್ಪಡುತ್ತದೆ, ಅದರ ಮೇಲೆ ಟಿಎಲ್ಎಸ್ ಗೂಢಲಿಪಿಯ ಒಪ್ಪಂದವಾಗುತ್ತದೆ. ಆಮೇಲೆ ಎಂಜಿನ್‌ಎಕ್ಸ್‌ನಂಥ ಮುಂಬಾಗಿಲ ಸರ್ವರ್, ಅದರ ಹಿಂದೆ ನಿಮ್ಮ ಪ್ರೋಗ್ರಾಂ, ಅದರ ಹಿಂದೆ ಡೇಟಾಬೇಸ್ ಮತ್ತು ಎಸ್ಎಂಎಸ್ ಕಳಿಸುವಂಥ ಹೊರಗಿನ ಸೇವೆಗಳು. ಉತ್ತರ ಇದೇ ದಾರಿಯಲ್ಲಿ ಹಿಂದಿರುಗುತ್ತದೆ. ಹಿಂದಿರುಗುವ ದಾರಿಯನ್ನೂ ಬರೆಯಿರಿ. ಕೋರಿಕೆ ಸರ್ವರಿಗೆ ಮುಟ್ಟಿ, ಕೆಲಸವೂ ಆಗಿ, ಉತ್ತರ ಮಾತ್ರ ಫೋನಿಗೆ ತಲುಪದೆ ಹೋಗಬಹುದು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ನಾನೂ ಮರೆತಿದ್ದೆ.

ಹಂತ 2: ಆ್ಯಪನ್ನು ಬದಿಗಿಟ್ಟು ಕರ್ಲ್‌ನಿಂದ ಮಾತನಾಡಿಸಿ

ಆಜ್ಞೆ ಟೈಪ್ ಮಾಡಿ ಸರ್ವರಿಗೆ ಕೋರಿಕೆ ಕಳಿಸುವ, ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಬಿಡುಗಡೆ ಮಾಡಿದ ಕರ್ಲ್ ಇಂದಿಗೂ ವೆಬ್ ಸೇವೆ ಪರೀಕ್ಷಿಸುವವರ ಮೊದಲ ಸಲಕರಣೆ. ನಡೆದದ್ದನ್ನೆಲ್ಲ ಬಿಡಿಸಿ ತೋರಿಸುವ ಅದರ ವರ್ಬೋಸ್ ಆಯ್ಕೆಯನ್ನು ಕೊಟ್ಟು ಒಂದು ಕೋರಿಕೆ ಕಳಿಸಿ. ಪರದೆಯ ಮೇಲೆ ಬರುವ ಸಾಲುಗಳ ಆರಂಭದ ಗುರುತನ್ನು ಗಮನಿಸಿ: > ಇದ್ದರೆ ನೀವು ಕಳಿಸಿದ್ದು, < ಇದ್ದರೆ ಸರ್ವರ್ ಕಳಿಸಿದ್ದು, * ಇದ್ದರೆ ಕರ್ಲ್ ತಾನಾಗಿ ಹೇಳುತ್ತಿರುವ ಮಾಹಿತಿ. ಹೆಸರು ಯಾವ ಐಪಿಗೆ ತಿರುಗಿತು, ಟಿಎಲ್ಎಸ್ ಪ್ರಮಾಣಪತ್ರದ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದೆಲ್ಲ ಈ ನಕ್ಷತ್ರದ ಸಾಲುಗಳಲ್ಲಿರುತ್ತದೆ.

ಕಳಿಸಿದ್ದರಲ್ಲಿ ನಾಲ್ಕು ಸಂಗತಿಗಳನ್ನು ಬೆರಳಿಟ್ಟು ಓದಿ: ವಿಧಾನ ಗೆಟ್ ಅಥವಾ ಪೋಸ್ಟ್, ವಿಳಾಸ, ಹೆಡರ್‌ಗಳು, ಒಡಲು. ಒಡಲಿನಲ್ಲಿ ಜೇಸನ್ ಇದ್ದು, ಕಂಟೆಂಟ್-ಟೈಪ್ ಹೆಡರ್ ಬೇರೇನೋ ಹೇಳುತ್ತಿದ್ದರೆ ಎಷ್ಟೋ ಸರ್ವರ್‌ಗಳು ಆ ಒಡಲನ್ನು ಸರಿಯಾಗಿ ಓದುವುದೇ ಇಲ್ಲ. ಹೊಸಬರ ಅರ್ಧ ದಿನ ನುಂಗುವ ತಪ್ಪುಗಳಲ್ಲಿ ಇದು ಮೊದಲನೆಯದು.

ವೆಬ್ ಪುಟದಿಂದ ಹೋಗುವ ಕೋರಿಕೆಯಾದರೆ ಇನ್ನೂ ಸುಲಭ. ಬ್ರೌಸರಿನ ಡೆವಲಪರ್ ಪರಿಕರಗಳಲ್ಲಿ ನೆಟ್‌ವರ್ಕ್ ವಿಭಾಗ ತೆರೆದು, ಆ ಕೋರಿಕೆಯ ಮೇಲೆ ಬಲ ಕ್ಲಿಕ್ ಮಾಡಿ, ಕರ್ಲ್ ಆಜ್ಞೆಯಾಗಿ ನಕಲಿಸುವ ಆಯ್ಕೆಯನ್ನು ಆರಿಸಿ. ಬ್ರೌಸರ್ ಕಳಿಸಿದ ಕೋರಿಕೆ ಕುಕಿ, ಟೋಕನ್ ಸಮೇತ ನಿಮ್ಮ ಕೈಗೆ ಬರುತ್ತದೆ. ಕುಕಿ ಸಮೇತ ಎಂದದ್ದನ್ನು ನೆನಪಿಡಿ. ಅದನ್ನು ಹಾಗೆಯೇ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಆ ಬಳಕೆದಾರರ ಖಾತೆಯ ಬೀಗದ ಕೈಯನ್ನೇ ಹಂಚಿದಂತೆ.

ನಿಧಾನ ಎಂಬ ದೂರು ಬಂದಾಗ ಕರ್ಲ್‌ನ ರೈಟ್-ಔಟ್ ಆಯ್ಕೆ ಬಳಸಿ. ಹೆಸರು ಹುಡುಕಲು ಎಷ್ಟು ಹೊತ್ತು, ಸಂಪರ್ಕಕ್ಕೆ ಎಷ್ಟು, ಟಿಎಲ್ಎಸ್‌ಗೆ ಎಷ್ಟು, ಉತ್ತರದ ಮೊದಲ ಬೈಟ್ ಬರಲು ಎಷ್ಟು, ಒಟ್ಟು ಎಷ್ಟು ಎಂದು ಅದು ಬಿಡಿಸಿ ಹೇಳುತ್ತದೆ. ಸಂಪರ್ಕ ಬೇಗ ಆಗಿ ಮೊದಲ ಬೈಟ್ ತಡವಾದರೆ ಬಹುಮಟ್ಟಿಗೆ ನಿಮ್ಮ ಪ್ರೋಗ್ರಾಂ ಅಥವಾ ಡೇಟಾಬೇಸ್ ನಿಧಾನ. ಸಂಪರ್ಕವೇ ತಡವಾದರೆ ಜಾಲ ನಿಧಾನ. ಆಗ ಕೋಡನ್ನು ತಿದ್ದುತ್ತ ಕುಳಿತುಕೊಳ್ಳುವುದು ವ್ಯರ್ಥ.

ಬೆಂಗಳೂರಿನಲ್ಲಿ ಹುಟ್ಟಿ ಜಗತ್ತಿನೆಲ್ಲೆಡೆ ಹಬ್ಬಿದ ಪೋಸ್ಟ್‌ಮನ್ ಕೂಡ ಇದೇ ಕೆಲಸಕ್ಕೆ ಒಳ್ಳೆಯ ಸಲಕರಣೆ. ಕೋರಿಕೆಗಳನ್ನು ಗುಂಪಾಗಿ ಉಳಿಸಿಟ್ಟು, ಹೊಸದಾಗಿ ಸೇರಿದವರಿಗೆ ಸೇವೆಯ ಪರಿಚಯ ಮಾಡಿಸಲು ನಾನು ಅದನ್ನೇ ಬಳಸುತ್ತೇನೆ. ಆದರೆ ಅಲ್ಲಿ ಒತ್ತಿ ನೋಡಿದ್ದನ್ನು ಪರೀಕ್ಷೆ ಎಂದು ಕರೆಯುವುದಿಲ್ಲ. ಕೋಡಿನ ಜೊತೆಗೇ ಇದ್ದು, ಪ್ರತಿ ಬದಲಾವಣೆಗೂ ತಾನಾಗಿ ಓಡುವುದು ಮಾತ್ರ ಪರೀಕ್ಷೆ.

ಹಂತ 3: ಸ್ಥಿತಿ ಸಂಖ್ಯೆಯನ್ನು ನಂಬುವಂತೆ ಮಾಡಿ

ಸರ್ವರ್ ಪ್ರತಿ ಉತ್ತರದ ಜೊತೆ ಕಳಿಸುವ ಮೂರಂಕಿಯ ಸಂಖ್ಯೆಯೇ ಸ್ಥಿತಿ ಸಂಖ್ಯೆ. 200ರ ಸಾಲು ಯಶಸ್ಸು, 400ರ ಸಾಲು ಕೇಳಿದವರ ತಪ್ಪು, 500ರ ಸಾಲು ಸರ್ವರಿನ ತಪ್ಪು. ಇಷ್ಟು ಎಲ್ಲರಿಗೂ ಗೊತ್ತು. ಕೆಲಸಕ್ಕೆ ಬರುವುದು ಅದರೊಳಗಿನ ವ್ಯತ್ಯಾಸ. 401 ಎಂದರೆ ನೀವು ಯಾರೆಂದು ತಿಳಿಯಲಿಲ್ಲ. 403 ಎಂದರೆ ಯಾರೆಂದು ತಿಳಿದಿದೆ, ಅನುಮತಿಯಿಲ್ಲ. 415 ಬಂದರೆ ಮೇಲೆ ಹೇಳಿದ ಕಂಟೆಂಟ್-ಟೈಪ್ ನೋಡಿ. 429 ಎಂದರೆ ಅತಿಯಾಗಿ ಕೇಳುತ್ತಿದ್ದೀರಿ. 502 ಬಂದರೆ ಮುಂಬಾಗಿಲ ಸರ್ವರ್ ಬದುಕಿದೆ, ಹಿಂದಿನ ಪ್ರೋಗ್ರಾಂ ಬಿದ್ದಿದೆ ಅಥವಾ ಅಸಂಬದ್ಧ ಉತ್ತರ ಕೊಟ್ಟಿದೆ. 504 ಬಂದರೆ ಕಾದು ಕಾದು ಕೈಬಿಟ್ಟಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವೈಫಲ್ಯದ ಅವಧಿ ದುಂಡು ಸಂಖ್ಯೆಯಾಗಿದ್ದರೆ ಅದು ಯಾರೋ ಇಟ್ಟ ಗಡುವು. ಎಂಜಿನ್‌ಎಕ್ಸ್ ಬೇರೆ ಸೂಚನೆ ಇಲ್ಲದಿದ್ದರೆ ಹಿಂದಿನ ಪ್ರೋಗ್ರಾಮಿನ ಉತ್ತರಕ್ಕಾಗಿ 60 ಸೆಕೆಂಡು ಕಾಯುತ್ತದೆ. ಲಾಗಿನಲ್ಲಿ 504ರ ಪಕ್ಕದಲ್ಲಿ 60 ಸೆಕೆಂಡು ಕಂಡರೆ ಪ್ರೋಗ್ರಾಂ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ. ಗಡುವನ್ನು 120 ಮಾಡಿದರೆ ದೋಷ ಇನ್ನೂ ಒಂದು ನಿಮಿಷ ಅಡಗಿರುತ್ತದೆ, ಅಷ್ಟೆ.

ಹಾಗೆಯೇ, ಒಳಗೆ ತಪ್ಪಾಗಿದ್ದರೂ ಹೊರಗೆ 200 ಕೊಟ್ಟು, ಒಡಲಿನಲ್ಲಿ 'ವಿಫಲ' ಎಂದು ಬರೆಯುವ ಸೇವೆಗಳಿವೆ. ನಿಮ್ಮದು ಹಾಗಿದ್ದರೆ ಇವತ್ತೇ ತಿದ್ದಿ. ಮುಂಬಾಗಿಲ ಸರ್ವರ್, ನಿಗಾ ವ್ಯವಸ್ಥೆ, ಮರುಪ್ರಯತ್ನದ ಲೈಬ್ರರಿ ಎಲ್ಲವೂ ಆ ಸಂಖ್ಯೆಯನ್ನೇ ನೋಡಿ ನಡೆಯುತ್ತವೆ. ಅದು ಸುಳ್ಳು ಹೇಳಿದರೆ ಎಲ್ಲವೂ ದಾರಿ ತಪ್ಪುತ್ತವೆ.

ಹಂತ 4: ದೋಷವನ್ನು ಕರೆದಾಗಲೆಲ್ಲ ಬರುವಂತೆ ಮಾಡಿ

ಈಗ ಆ ಹದಿನಾರು ಚೀಲಗಳಿಗೆ ಬರೋಣ. ಡೇಟಾಬೇಸಿನಲ್ಲಿ ನಿಜವಾಗಿಯೂ ಎರಡು ಲಾಟು ಇದ್ದವು, ಒಂದೊಂದರಲ್ಲಿ ಎಂಟು ಚೀಲ. ಬೆಳೆಗಾರರು ಎರಡು ಸಲ ಒತ್ತಿರಬೇಕು ಎಂದು ನಾವು ತೀರ್ಮಾನಿಸಿ, ಒಂದು ಸಲ ಒತ್ತಿದ ಮೇಲೆ 'ದಾಖಲಿಸು' ಗುಂಡಿ ಮಸುಕಾಗುವಂತೆ ಮಾಡಿದೆವು. ದೋಷ ಮರಳಿ ಬಂತು. ಅವರು ಒಂದೇ ಸಲ ಒತ್ತಿದ್ದೆ ಎಂದು ಮೊದಲೇ ಹೇಳಿದ್ದರು. ಅವರ ಮಾತನ್ನು ಸಾಕ್ಷ್ಯವೆಂದು ತೆಗೆದುಕೊಳ್ಳಬೇಕಿತ್ತು.

ಕೊನೆಗೆ ಸರ್ವರಿನ ಲಾಗ್ ತೆರೆದೆ. ಸಂಬಂಧಿಸಿದ ನಾಲ್ಕು ಸಾಲುಗಳು ಹೀಗಿದ್ದವು:

10:42:07 ಕೋರಿಕೆ 5817 ಬಂತು, ಪೋಸ್ಟ್, ಲಾಟು, ಚೀಲ 8
10:42:18 ಕೋರಿಕೆ 5823 ಬಂತು, ಪೋಸ್ಟ್, ಲಾಟು, ಚೀಲ 8
10:42:19 ಕೋರಿಕೆ 5817 ಮುಗಿಯಿತು, 201, 12 ಸೆಕೆಂಡು
10:42:20 ಕೋರಿಕೆ 5823 ಮುಗಿಯಿತು, 201, 2 ಸೆಕೆಂಡು

ಎರಡನೆಯ ಕೋರಿಕೆ ಬಂದಾಗ ಮೊದಲನೆಯದು ಇನ್ನೂ ಮುಗಿದಿರಲಿಲ್ಲ. ಎರಡರ ನಡುವಿನ ಅಂತರ 11 ಸೆಕೆಂಡು. ಆ್ಯಪಿನಲ್ಲಿ ನಾವು ಬಳಸಿದ ಲೈಬ್ರರಿ 10 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಒಂದು ಸೆಕೆಂಡು ಬಿಟ್ಟು ತಾನಾಗಿ ಮತ್ತೆ ಕಳಿಸುವಂತೆ ಹೊಂದಿಸಲಾಗಿತ್ತು. ಹತ್ತಕ್ಕೆ ಒಂದು ಕೂಡಿದರೆ ಹನ್ನೊಂದು. ಬೆಳೆಗಾರರ ಬೆರಳಿಗೂ ಎರಡನೆಯ ಕೋರಿಕೆಗೂ ಸಂಬಂಧವೇ ಇರಲಿಲ್ಲ. ಮೊದಲನೆಯದಕ್ಕೆ ಹನ್ನೆರಡು ಸೆಕೆಂಡು ಹಿಡಿದದ್ದೇಕೆ ಎಂದು ನೋಡಿದರೆ, ಲಾಟು ಉಳಿಸಿದ ಮೇಲೆ ಎಸ್ಎಂಎಸ್ ಹೋಗುವವರೆಗೂ ನಮ್ಮ ಸರ್ವರ್ ಉತ್ತರ ಕೊಡದೆ ಕಾಯುತ್ತಿತ್ತು.

ಕಾರಣ ತಿಳಿದ ಕೂಡಲೇ ತಿದ್ದುವ ಆಸೆಯಾಗುತ್ತದೆ. ತಡೆಯಿರಿ. ಮೊದಲು ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಮರುಸೃಷ್ಟಿಸಿ. ನಾನು ಎಸ್ಎಂಎಸ್ ಸೇವೆಯ ಜಾಗದಲ್ಲಿ ಹನ್ನೆರಡು ಸೆಕೆಂಡು ಸುಮ್ಮನಿದ್ದು ಉತ್ತರಿಸುವ ಒಂದು ನಕಲಿ ಸರ್ವರ್ ಇಟ್ಟೆ. ಆ್ಯಪಿನಲ್ಲಿ ಒಂದೇ ಸಲ ಒತ್ತಿದೆ. ಹದಿನಾರು ಚೀಲ ಕಂಡಿತು. ಮತ್ತೆ ಒತ್ತಿದೆ, ಮತ್ತೆ ಎರಡು ಲಾಟು. ಹೀಗೆ ಕರೆದಾಗಲೆಲ್ಲ ಬರುವ ದೋಷ ಅರ್ಧ ಗೆದ್ದಂತೆಯೇ.

ಹಂತ 5: ಸೋಲುವ ಪರೀಕ್ಷೆ ಮೊದಲು, ಪರಿಹಾರ ಆಮೇಲೆ

ಎಚ್‌ಟಿಟಿಪಿಯ ಅರ್ಥವನ್ನು ನಿರೂಪಿಸುವ 2022ರ ಆರ್‌ಎಫ್‌ಸಿ 9110 ದಾಖಲೆಯ ಪ್ರಕಾರ ಗೆಟ್, ಪುಟ್, ಡಿಲೀಟ್ ಕೋರಿಕೆಗಳನ್ನು ಎಷ್ಟು ಬಾರಿ ಕಳಿಸಿದರೂ ಪರಿಣಾಮ ಒಂದೇ ಆಗಿರಬೇಕು. ಪೋಸ್ಟ್‌ಗೆ ಆ ಭರವಸೆಯಿಲ್ಲ. ಆದ್ದರಿಂದ ಹೊಸದೊಂದನ್ನು ಸೃಷ್ಟಿಸುವ ಪೋಸ್ಟ್ ಕೋರಿಕೆಯನ್ನು ಕುರುಡಾಗಿ ಮರುಕಳಿಸುವುದು ಅಪಾಯ. ಇದಕ್ಕೆ ಎಲ್ಲರೂ ಬಳಸುವ ಪರಿಹಾರ ಒಂದು ಗುರುತಿನ ಸಂಖ್ಯೆ. ಬೆಳೆಗಾರರು ಗುಂಡಿ ಒತ್ತಿದ ಕ್ಷಣದಲ್ಲಿ ಫೋನೇ ಒಂದು ವಿಶಿಷ್ಟ ಸಂಖ್ಯೆಯನ್ನು ಹುಟ್ಟಿಸಿ ಹೆಡರಿನಲ್ಲಿ ಕಳಿಸುತ್ತದೆ. ಮರುಪ್ರಯತ್ನದಲ್ಲೂ ಅದೇ ಸಂಖ್ಯೆ ಹೋಗುತ್ತದೆ. ಆ ಸಂಖ್ಯೆ ಈಗಾಗಲೇ ಬಂದಿದ್ದರೆ ಸರ್ವರ್ ಹೊಸ ಲಾಟು ಮಾಡದೆ ಹಳೆಯ ಉತ್ತರವನ್ನೇ ಕೊಡುತ್ತದೆ.

ಪರಿಹಾರ ಬರೆಯುವ ಮೊದಲು ನಾಲ್ಕು ಪರೀಕ್ಷೆ ಬರೆಯಿರಿ.

1. ಒಂದೇ ಗುರುತಿನ ಸಂಖ್ಯೆಯೊಡನೆ ಒಂದೇ ಕೋರಿಕೆಯನ್ನು ಎರಡು ಬಾರಿ, ಒಂದಾದ ಮೇಲೊಂದು ಕಳಿಸಿ. ಡೇಟಾಬೇಸಿನಲ್ಲಿ ಒಂದೇ ಲಾಟು ಇರಬೇಕು, ಎರಡೂ ಉತ್ತರ ಒಂದೇ ಆಗಿರಬೇಕು.
2. ಅದೇ ಎರಡನ್ನು ಏಕಕಾಲಕ್ಕೆ ಕಳಿಸಿ. ಆಗಲೂ ಒಂದೇ ಲಾಟು ಇರಬೇಕು.
3. ಬೇರೆ ಬೇರೆ ಸಂಖ್ಯೆಯೊಡನೆ ಕಳಿಸಿ. ಎರಡು ಲಾಟು ಆಗಬೇಕು. ಎಂಟೆಂಟು ಚೀಲದ ಎರಡು ಲಾಟು ನಿಜವಾಗಿಯೂ ಇರಬಹುದಲ್ಲವೇ?
4. ಅದೇ ಸಂಖ್ಯೆ, ಆದರೆ ಚೀಲ ಒಂಬತ್ತು. ಸರ್ವರ್ ಇದನ್ನು ತಿರಸ್ಕರಿಸಬೇಕು.

ಎರಡನೆಯ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. 'ಈ ಸಂಖ್ಯೆ ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು' ಎಂದು ಕೋಡಿನಲ್ಲಿ ಬರೆದರೆ, ಎರಡು ಕೋರಿಕೆಗಳು ಒಟ್ಟಿಗೆ ನೋಡಿ, ಎರಡಕ್ಕೂ 'ಇಲ್ಲ' ಎಂದು ಕಂಡು, ಎರಡೂ ಸೇರಿಸುತ್ತವೆ. ನಮ್ಮ ಲಾಗಿನಲ್ಲಿ ಕೋರಿಕೆಗಳು ಒಂದರ ಮೇಲೊಂದು ಬಿದ್ದದ್ದನ್ನು ಈಗಷ್ಟೇ ನೋಡಿದ್ದೀರಿ. ಡೇಟಾಬೇಸಿನಲ್ಲೇ ಆ ಅಂಕಣಕ್ಕೆ ಅನನ್ಯತೆಯ ನಿರ್ಬಂಧ ಹಾಕಬೇಕು. ಒಂದನ್ನು ಒಳಗೆ ಬಿಟ್ಟು ಇನ್ನೊಂದನ್ನು ತಡೆಯುವ ಕೆಲಸವನ್ನು ಡೇಟಾಬೇಸ್ ಮಾತ್ರ ನೆಚ್ಚುವಂತೆ ಮಾಡುತ್ತದೆ. ಇದೇ ಕಾರಣಕ್ಕೆ ಈ ಬಗೆಯ ಪರೀಕ್ಷೆಗಳನ್ನು ನಕಲಿ ಡೇಟಾಬೇಸಿನ ಮೇಲೆ ಓಡಿಸಬೇಡಿ. ನೀವು ಪೋಸ್ಟ್‌ಗ್ರೆಸ್ ಬಳಸುವವರಾದರೆ ಡಾಕರ್‌ನಲ್ಲಿ ಪೋಸ್ಟ್‌ಗ್ರೆಸ್ಸನ್ನೇ ಎಬ್ಬಿಸಿ, ಪ್ರತಿ ಪರೀಕ್ಷೆಗೂ ಮುನ್ನ ಕೋಷ್ಟಕಗಳನ್ನು ಖಾಲಿ ಮಾಡಿ. ನಕಲಿ ಇರಬೇಕಾದ್ದು ಎಸ್ಎಂಎಸ್, ಪಾವತಿಯಂಥ ಹೊರಗಿನ ಸೇವೆಗಳಿಗೆ. ಆ ನಕಲಿಗಳು ಒಳ್ಳೆಯ ಉತ್ತರ ಕೊಟ್ಟರೆ ಸಾಲದು. ತಡವಾಗಿ ಉತ್ತರಿಸಬೇಕು, 503 ಕೊಡಬೇಕು, ಅರ್ಧ ಜೇಸನ್ ಕಳಿಸಿ ಸಂಪರ್ಕ ಕಡಿಯಬೇಕು.

ನಾಲ್ಕೂ ಪರೀಕ್ಷೆಗಳನ್ನು ಹಳೆಯ ಕೋಡಿನ ಮೇಲೆ ಓಡಿಸಿ, ಮೂರನೆಯದು ಬಿಟ್ಟು ಉಳಿದವು ಸೋಲುವುದನ್ನು ನೋಡಿ. ಸೋಲುವುದನ್ನು ನೋಡದ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಅದು ಏನನ್ನೂ ಪರೀಕ್ಷಿಸದೆ ಹಸಿರು ತೋರಿಸುತ್ತಿರಬಹುದು. ಆಮೇಲೆ ಪರಿಹಾರ ಬರೆಯಿರಿ. ನಾವು ಗುರುತಿನ ಸಂಖ್ಯೆಯ ಜೊತೆಗೆ ಎಸ್ಎಂಎಸ್ ಕಳಿಸುವುದನ್ನು ಪ್ರತ್ಯೇಕ ಸರದಿಗೆ ಹಾಕಿದೆವು. ಉತ್ತರ ಈಗ ಒಂದು ಸೆಕೆಂಡಿನೊಳಗೆ ಹೋಗುತ್ತದೆ.

ಹಂತ 6: ಗಡಿಯಾರವನ್ನು ಪರೀಕ್ಷೆಯ ಕೈಗೆ ಕೊಡಿ

ಕೊಯ್ಲಿನ ದಿನಗಳಲ್ಲಿ ಇನ್ನೊಂದು ದೂರು ಬರತೊಡಗಿತು. ನಸುಕಿನಲ್ಲಿ ಐದು ಗಂಟೆಗೆ ಗಾಡಿಗೆ ಚೀಲ ಹೇರುತ್ತ ದಾಖಲಿಸಿದ ಲಾಟು ಆ ದಿನದ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ನಾವು ಹತ್ತು ಗಂಟೆಗೆ ಕುಳಿತು ಅದೇ ಕೆಲಸ ಮಾಡಿದರೆ ಕಾಣುತ್ತಿತ್ತು.

ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿತ್ತು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ 12ನೇ ತಾರೀಖಿನ ಬೆಳಗಿನ 5:29 ಆಗಿದ್ದಾಗ ಅಲ್ಲಿ ಇನ್ನೂ 11ನೇ ತಾರೀಖಿನ ರಾತ್ರಿ 11:59. 'ಇಂದು' ಯಾವ ದಿನ ಎಂದು ಸರ್ವರನ್ನು ಕೇಳಿದರೆ, ಬೆಳಗಿನ ಐದೂವರೆಯವರೆಗೂ ಅದು ನಿನ್ನೆಯ ತಾರೀಖನ್ನೇ ಹೇಳುತ್ತದೆ. ಕಚೇರಿ ವೇಳೆಯಲ್ಲಿ ಕೆಲಸ ಮಾಡುವವರ ಕಣ್ಣಿಗೆ ಈ ದೋಷ ಎಂದೂ ಬೀಳುವುದಿಲ್ಲ. ನಸುಕಿನಲ್ಲಿ ಎದ್ದು ದುಡಿಯುವವರಿಗೆ ಮಾತ್ರ ಬೀಳುತ್ತದೆ.

ಸಮಯವನ್ನು ಯುಟಿಸಿಯಲ್ಲಿ ಉಳಿಸುವುದು ಸರಿಯಾದದ್ದೇ. ಆದರೆ 'ಇಂದಿನ ಪಟ್ಟಿ' ಎಂಬುದು ಊರಿನ ದಿನ, ಅದನ್ನು ಭಾರತದ ಸಮಯವಾದ ಏಷ್ಯಾ/ಕೋಲ್ಕತ್ತ ವಲಯದಲ್ಲೇ ಲೆಕ್ಕ ಹಾಕಬೇಕು. ಪರೀಕ್ಷಿಸಲು ನಸುಕಿನಲ್ಲಿ ಏಳಬೇಕಿಲ್ಲ. ಕೋಡಿನ ಒಳಗೆ ಎಲ್ಲೆಂದರಲ್ಲಿ ಸಿಸ್ಟಮ್ ಗಡಿಯಾರವನ್ನು ಕೇಳುವ ಬದಲು, ಸಮಯ ಹೇಳುವ ಒಂದೇ ಫಂಕ್ಷನ್ ಇಟ್ಟು ಅದನ್ನು ಹೊರಗಿನಿಂದ ಕೊಡಿ. ಪರೀಕ್ಷೆಯಲ್ಲಿ ಆ ಗಡಿಯಾರವನ್ನು 5:29ಕ್ಕೆ, 5:30ಕ್ಕೆ, ಮಧ್ಯರಾತ್ರಿಗೆ ಒಂದು ನಿಮಿಷ ಹಿಂದೆ ಮತ್ತು ಮುಂದೆ, ಮಾರ್ಚ್ 31ರ ರಾತ್ರಿಗೆ ಹಾಗೂ ಫೆಬ್ರವರಿ 29ಕ್ಕೆ ನಿಲ್ಲಿಸಿ ನೋಡಿ.

ಹಂತ 7: ಕನ್ನಡವನ್ನು ಕನ್ನಡದಲ್ಲೇ ಪರೀಕ್ಷಿಸಿ

ಪರೀಕ್ಷೆಯ ಮಾಹಿತಿಯಲ್ಲಿ ಇಂಗ್ಲಿಷ್ ಹೆಸರುಗಳನ್ನೇ ತುಂಬಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಕನ್ನಡದ ಬಳಕೆದಾರರಿಗಾಗಿ ಕಟ್ಟುವ ಸೇವೆಯಲ್ಲಿ ಇದು ದೊಡ್ಡ ಕುರುಡು. ನಮಗೆ ಸಿಕ್ಕ ಒಂದು ದೋಷವನ್ನು ಹತ್ತಿರದಿಂದ ತೋರಿಸುತ್ತೇನೆ.

'ಕೋಕಾ' ಎಂದು ಹುಡುಕಿದರೆ ಕೆಲವು ದಿನಗಳ ದರ ಸಿಗುತ್ತಿತ್ತು, ಕೆಲವು ದಿನಗಳದ್ದು ಸಿಗುತ್ತಿರಲಿಲ್ಲ. ಪರದೆಯ ಮೇಲೆ ಎರಡೂ ಕೋಕಾಗಳು ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ರೀತಿ ಕಾಣುತ್ತಿದ್ದವು. ಬೈಟ್ ಎಣಿಸಿದೆ. ಒಂದರಲ್ಲಿ 12, ಇನ್ನೊಂದರಲ್ಲಿ 18. ಯೂನಿಕೋಡಿನಲ್ಲಿ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವದ ಕೊಂಬು, ದೀರ್ಘದ ಗುರುತು ಎಂದು ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಹಾಗಾಗಿ ಎರಡು ಹೆಚ್ಚುವರಿ ಸಂಕೇತ, ಆರು ಹೆಚ್ಚುವರಿ ಬೈಟ್. ಹಳೆಯ ಫಾಂಟಿನ ಕಡತಗಳನ್ನು ಪರಿವರ್ತಿಸಿ ತುಂಬಿಸಿದ ದಿನಗಳ ದರಗಳೆಲ್ಲ ಬಿಡಿ ಸಂಕೇತಗಳಲ್ಲಿದ್ದವು. ಕೆಂಪುಗೋಟು, ಬಿಳೆಗೋಟುಗಳಿಗೂ ಇದೇ ಗತಿ. ರಾಶಿ, ಚಾಲಿಗಳಿಗೆ ಏನೂ ಆಗಿರಲಿಲ್ಲ, ಅವುಗಳಲ್ಲಿ ಓತ್ವವಿಲ್ಲ. ಒಳಗೆ ಬರುವ ಪ್ರತಿಯೊಂದು ಪಠ್ಯವನ್ನೂ ಎನ್ಎಫ್‌ಸಿ ಎಂಬ ರೂಪಕ್ಕೆ ಸಾಮಾನ್ಯೀಕರಿಸಿದರೆ ಎರಡೂ ಒಂದಾಗುತ್ತವೆ. ಹಳೆಯ ದಾಖಲೆಗಳನ್ನೂ ಒಮ್ಮೆ ಹಾಗೆಯೇ ತಿದ್ದಿ.

ಅಗೋಚರ ಜೋಡಕಗಳನ್ನು ಎನ್ಎಫ್‌ಸಿ ತೆಗೆಯುವುದಿಲ್ಲ. 'ಸಾಫ್ಟ್‌ವೇರ್' ಎಂಬ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದು ಅಕ್ಷರಗಳು ಒತ್ತಾಗದಂತೆ ತಡೆಯುತ್ತದೆ. ತೋರಿಸುವ ಪಠ್ಯದಲ್ಲಿ ಅದನ್ನು ಉಳಿಸಿಕೊಳ್ಳಿ, ಹುಡುಕಾಟದ ಕೀಲಿಯಲ್ಲಿ ಮಾತ್ರ ತೆಗೆಯಿರಿ.

ಕನ್ನಡ ಅಂಕಿಗಳನ್ನೂ ಮರೆಯಬೇಡಿ. '೪೭' ಎಂದು ಟೈಪ್ ಮಾಡಿದರೆ ಪೈಥಾನ್ ಅದನ್ನು 47 ಎಂದು ಒಪ್ಪಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಎನ್ನುತ್ತದೆ. ಮುಂಬದಿ ಒಂದರಲ್ಲಿ, ಹಿಂಬದಿ ಇನ್ನೊಂದರಲ್ಲಿ ಬರೆದವರಿಗೆ ಇದು ಹೊಂಚು ಹಾಕಿ ಕುಳಿತ ದೋಷ.

ಅಕ್ಷರಗಳ ಬದಲು ವಿಚಿತ್ರ ಗುರುತುಗಳು ಕಂಡರೆ ಗಾಬರಿಯಾಗಬೇಡಿ, ಅವನ್ನು ಓದಿ. ಪ್ರತಿ ಅಕ್ಷರದ ಜಾಗದಲ್ಲಿ ಮೂರು ಮೂರು ಗುರುತು ಬಂದು, ಎರಡನೆಯದು ಮೇಲೆ ಬರೆದ ಪುಟ್ಟ 2 ಅಥವಾ 3 ಆಗಿದ್ದರೆ, ಅದು ಯುಟಿಎಫ್-8 ಕನ್ನಡವನ್ನು ಯಾರೋ ಹಳೆಯ ಲ್ಯಾಟಿನ್-1 ಎಂದು ಓದಿದ್ದಾರೆಂಬುದರ ಗುರುತು. ಮಾಹಿತಿ ಬಹುಮಟ್ಟಿಗೆ ಹಾಳಾಗಿಲ್ಲ, ಓದಿದ ರೀತಿ ತಪ್ಪಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಡೇಟಾಬೇಸಿನಲ್ಲಿ ಉಳಿದಿದ್ದರೆ ಮಾತ್ರ ಮೂಲ ಕಳೆದುಹೋಗಿದೆ, ಬ್ಯಾಕಪ್ ಹುಡುಕಬೇಕು.

ಹಂತ 8: ತೂಕ ಮತ್ತು ಹಣ

ಇದು ಚಿಕ್ಕ ಹಂತ, ಆದರೆ ಬಿಡುವಂಥದ್ದಲ್ಲ. ಬಹುತೇಕ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಒಂದು ಲಾಟಿನಲ್ಲಿ ಕಾಣದ ಈ ವ್ಯತ್ಯಾಸ ಸಾವಿರಾರು ಲಾಟುಗಳ ಮೊತ್ತದಲ್ಲಿ ಪೈಸೆಗಳಾಗಿ ತೇಲುತ್ತದೆ, ಲೆಕ್ಕ ತಾಳೆಯಾಗುವುದಿಲ್ಲ. ತೂಕವನ್ನು ಗ್ರಾಂನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ಉದಾಹರಣೆಗೆ 47.35 ಕಿಲೋ ರಾಶಿ, ಕ್ವಿಂಟಲಿಗೆ 48,699 ರೂಪಾಯಿ ಎಂದುಕೊಳ್ಳಿ. 47,350ನ್ನು 48,69,900ರಿಂದ ಗುಣಿಸಿ ಒಂದು ಲಕ್ಷದಿಂದ ಭಾಗಿಸಿದರೆ 23,05,897.65 ಪೈಸೆ. ಅಂದರೆ 23,058 ರೂಪಾಯಿ 98 ಪೈಸೆ. ಪೂರ್ಣಗೊಳಿಸುವುದು ಚೀಲಕ್ಕೊಮ್ಮೆಯೋ ಲಾಟಿಗೊಮ್ಮೆಯೋ ಎಂಬುದನ್ನು ಪ್ರೋಗ್ರಾಮರ್ ತೀರ್ಮಾನಿಸಬಾರದು. ಲೆಕ್ಕ ಬರೆಯುವವರನ್ನು ಕೇಳಿ, ಅವರು ಕೈಯಲ್ಲಿ ಮಾಡಿದ ಹತ್ತು ಲೆಕ್ಕಗಳನ್ನೇ ಪರೀಕ್ಷೆಗಳಾಗಿ ಬರೆಯಿರಿ.

ಹಂತ 9: ಕರ್ಲ್‌ನಲ್ಲಿ ಸರಿ, ಬ್ರೌಸರಿನಲ್ಲಿ ತಪ್ಪು

ಇದಕ್ಕೆ ಕಾರಣ ಬಹುತೇಕ ಸಿಒಆರ್ಎಸ್ ನಿಯಮ. ಪುಟ ಒಂದು ವಿಳಾಸದಿಂದ ಬಂದು, ಅದು ಬೇರೆ ವಿಳಾಸದ ಸೇವೆಯನ್ನು ಕೇಳಿದಾಗ ಬ್ರೌಸರ್ ತಡೆಯುತ್ತದೆ. ಜೇಸನ್ ಕಳಿಸುವ ಕೋರಿಕೆಯಾದರೆ ಮೊದಲು ಆಪ್ಷನ್ಸ್ ಎಂಬ ಪೂರ್ವ ಕೋರಿಕೆ ಕಳಿಸಿ ಸರ್ವರಿನ ಅನುಮತಿ ಕೇಳುತ್ತದೆ. ಕರ್ಲ್, ಪೋಸ್ಟ್‌ಮನ್‌ಗಳಿಗೆ ಈ ಕಟ್ಟುಪಾಡಿಲ್ಲ. ನೆಟ್‌ವರ್ಕ್ ವಿಭಾಗದಲ್ಲಿ ಆಪ್ಷನ್ಸ್ ಕೋರಿಕೆಯ ಉತ್ತರ ನೋಡಿ. ಎಷ್ಟೋ ಸಲ ಲಾಗಿನ್ ತಪಾಸಣೆ ಅದಕ್ಕೂ ಅಡ್ಡ ನಿಂತು 401 ಕೊಟ್ಟಿರುತ್ತದೆ. ಸರಿಪಡಿಸುವಾಗ ಎಲ್ಲ ವಿಳಾಸಗಳಿಗೂ ಅನುಮತಿ ಕೊಟ್ಟು ಕೈತೊಳೆದುಕೊಳ್ಳಬೇಡಿ, ನಿಮ್ಮ ಪುಟದ ವಿಳಾಸವನ್ನಷ್ಟೇ ಬರೆಯಿರಿ.

ಹಂತ 10: ಲಾಗ್ ಬರೆಯುವುದು, ಫೋನಿನಲ್ಲಿ ಕೇಳುವುದು

ಪ್ರತಿ ಕೋರಿಕೆಗೂ ಒಂದು ಸಂಖ್ಯೆ ಕೊಡಿ. ಆ ಸಂಖ್ಯೆ ಮುಂಬಾಗಿಲ ಸರ್ವರಿನಿಂದ ಡೇಟಾಬೇಸ್ ಪ್ರಶ್ನೆಯವರೆಗೆ ಪ್ರತಿ ಲಾಗ್ ಸಾಲಿನಲ್ಲೂ ಇರಲಿ, ಉತ್ತರದ ಹೆಡರಿನಲ್ಲೂ ಹೋಗಲಿ. ತಪ್ಪು ಸಂದೇಶದ ಕೆಳಗೆ ಆ್ಯಪಿನಲ್ಲಿ ಅದೇ ಸಂಖ್ಯೆಯನ್ನು ದೊಡ್ಡದಾಗಿ ತೋರಿಸಿ. 5817, 5823 ಎಂಬ ಎರಡು ಸಂಖ್ಯೆ ಇರದಿದ್ದರೆ ಆ ನಾಲ್ಕು ಸಾಲುಗಳನ್ನು ಸಾವಿರಾರು ಸಾಲುಗಳ ನಡುವಿನಿಂದ ಹೆಕ್ಕಲು ನನ್ನಿಂದ ಆಗುತ್ತಿರಲಿಲ್ಲ. ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ, ಟೋಕನ್ ಇವು ಮಾತ್ರ ಯಾವ ಕಾರಣಕ್ಕೂ ಲಾಗಿಗೆ ಬೀಳಬಾರದು. ಇದಕ್ಕೂ ಒಂದು ಪರೀಕ್ಷೆ ಬರೆಯಿರಿ: ಗೊತ್ತಿರುವ ಒಂದು ಪಾಸ್‌ವರ್ಡ್ ಕಳಿಸಿ, ಲಾಗಿನಲ್ಲಿ ಅದನ್ನು ಹುಡುಕಿ, ಸಿಗದಿದ್ದರೆ ಪಾಸ್.

ದೂರು ಬಂದಾಗ ನಾನು ಕೇಳುವುದು ಮೂರೇ ಪ್ರಶ್ನೆ. ಒತ್ತಿದ್ದು ಎಷ್ಟು ಗಂಟೆಗೆ? ಪರದೆಯ ಮೇಲಿನ ಸಂಖ್ಯೆ ಎಷ್ಟು? ಆಗ ಎಲ್ಲಿದ್ದಿರಿ? ಮೂರನೆಯ ಪ್ರಶ್ನೆ ಕೇಳಲು ನಾನು ಕಲಿತದ್ದು ತಡವಾಗಿ. "ಬಸ್ಸಿನಲ್ಲಿದ್ದೆ ತಮ್ಮಾ, ಘಟ್ಟದ ತಿರುವಿನಲ್ಲಿ" ಎಂಬ ಉತ್ತರ ಮೊದಲ ದಿನವೇ ಸಿಕ್ಕಿದ್ದರೆ ಮೂರು ದಿನ ಉಳಿಯುತ್ತಿತ್ತು.

ನಿನ್ನೆ ಸರಿಯಿದ್ದು ಇಂದು ಕೆಟ್ಟ ದೋಷವಾದರೆ ಗಿಟ್‌ನ ಬೈಸೆಕ್ಟ್ ಬಳಸಿ. ಕೆಟ್ಟ ಆವೃತ್ತಿ ಒಂದು, ಒಳ್ಳೆಯ ಆವೃತ್ತಿ ಒಂದು ತೋರಿಸಿದರೆ ಅದು ನಡುವಿನದನ್ನು ತೆಗೆದು ಕೊಡುತ್ತದೆ. ಸಾವಿರ ಬದಲಾವಣೆಗಳಿದ್ದರೂ ಸುಮಾರು ಹತ್ತು ಪ್ರಯತ್ನದಲ್ಲಿ ಕೆಡಿಸಿದ ಬದಲಾವಣೆ ಸಿಗುತ್ತದೆ. ಮೊದಲ ಹಂತದ ಪೈಪಿನ ಜಾಯಿಂಟೇ ಇದು.

ಹಂತ 11: ಕೆಟ್ಟ ಜಾಲದಲ್ಲಿ, ದಟ್ಟಣೆಯಲ್ಲಿ

ದರ ಪ್ರಕಟವಾದ ಕ್ಷಣ ಎಲ್ಲರೂ ಒಟ್ಟಿಗೆ ಆ್ಯಪ್ ತೆರೆಯುತ್ತಾರೆ. ಆ ದಟ್ಟಣೆಯನ್ನು ಕೆ6 ಅಥವಾ ಜೆಮೀಟರ್‌ನಿಂದ ಮೊದಲೇ ಸೃಷ್ಟಿಸಿ ನೋಡಿ. ಫಲಿತಾಂಶದಲ್ಲಿ ಸರಾಸರಿಯನ್ನು ನೋಡಿ ಸಮಾಧಾನಪಡಬೇಡಿ. ನೂರು ಕೋರಿಕೆಗಳಲ್ಲಿ 95ಕ್ಕೆ 0.2 ಸೆಕೆಂಡು, ಐದಕ್ಕೆ 12 ಸೆಕೆಂಡು ಹಿಡಿದರೆ ಸರಾಸರಿ 0.79 ಸೆಕೆಂಡು, ನೋಡಲು ಚೆನ್ನಾಗಿಯೇ ಇದೆ. ಆದರೆ ಐದು ಜನ ಹನ್ನೆರಡು ಸೆಕೆಂಡು ಕಾದಿದ್ದಾರೆ. 99ನೇ ಶತಾಂಶ, ಅಂದರೆ ನೂರರಲ್ಲಿ 99 ಕೋರಿಕೆಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂಬುದನ್ನು ನೋಡಿದರೆ ಆ ಹನ್ನೆರಡು ಎದ್ದು ಕಾಣುತ್ತದೆ. ಪರೀಕ್ಷೆಯ ಸರ್ವರಿನ ಮೇಲೆ ಮಾತ್ರ ಈ ಪ್ರಯೋಗ ಮಾಡಿ, ಜನ ಬಳಸುತ್ತಿರುವುದರ ಮೇಲೆ ಬೇಡ.

ಕೆಟ್ಟ ಜಾಲವನ್ನು ಸೃಷ್ಟಿಸಲು ಬ್ರೌಸರಿನ ನೆಟ್‌ವರ್ಕ್ ವಿಭಾಗದಲ್ಲೇ ವೇಗ ತಗ್ಗಿಸುವ ಆಯ್ಕೆಯಿದೆ. ಲಿನಕ್ಸ್‌ನಲ್ಲಿ ನೆಟ್‌ಎಮ್ ಬಳಸಿ 800 ಮಿಲಿಸೆಕೆಂಡು ವಿಳಂಬ, ಶೇ 10ರಷ್ಟು ಪ್ಯಾಕೆಟ್ ನಷ್ಟ ಕೊಟ್ಟು ಎಲ್ಲ ಪರೀಕ್ಷೆಗಳನ್ನೂ ಮತ್ತೆ ಓಡಿಸಿ. ಮರುಪ್ರಯತ್ನಗಳ ನಡುವಿನ ಅಂತರ ಪ್ರತಿ ಸಲವೂ ಹೆಚ್ಚುತ್ತ ಹೋಗಲಿ, ಅದರಲ್ಲಿ ಸ್ವಲ್ಪ ಏರುಪೇರೂ ಇರಲಿ. ಇಲ್ಲದಿದ್ದರೆ ಜಾಲ ಮರಳಿದ ಕ್ಷಣ ಎಲ್ಲ ಫೋನುಗಳೂ ಒಂದೇ ತಾಳದಲ್ಲಿ ಸರ್ವರಿನ ಮೇಲೆ ಬೀಳುತ್ತವೆ.

ಇಷ್ಟೆಲ್ಲ ಆದ ಮೇಲೆ ನಾನು ಕುಮಟಾ ಬಸ್ಸು ಹತ್ತಿದೆ. ಪರೀಕ್ಷೆಯ ಸರ್ವರಿಗೆ ಜೋಡಿಸಿದ ಆ್ಯಪು ಕೈಯಲ್ಲಿತ್ತು. ದೇವಿಮನೆ ಘಟ್ಟ ಇಳಿಯುವಾಗ ಸಿಗ್ನಲಿನ ಗೆರೆಗಳು ಒಂದೊಂದಾಗಿ ಮಾಯವಾದವು. ಕೊನೆಯ ಗೆರೆ ಇರುವಾಗ ಎಂಟು ಚೀಲ ಎಂದು ಬರೆದು 'ದಾಖಲಿಸು' ಒತ್ತಿದೆ. ವೃತ್ತ ತಿರುಗುತ್ತಲೇ ಇತ್ತು. ಘಟ್ಟದ ಬುಡಕ್ಕೆ ಬಂದು ಸಿಗ್ನಲ್ ಮರಳಿದ ಮೇಲೆ ಪರದೆಯಲ್ಲಿ ಒಂದೇ ಲಾಟು ಕಂಡಿತು. ಸಂಜೆ ಶಿರಸಿಗೆ ಮರಳಿ ಲಾಗ್ ತೆರೆದರೆ ಅದೇ ಗುರುತಿನ ಸಂಖ್ಯೆಯೊಡನೆ ಮೂರು ಕೋರಿಕೆಗಳು ಬಂದಿದ್ದವು. ಡೇಟಾಬೇಸಿನಲ್ಲಿ ಸಾಲು ಒಂದು, ಚೀಲ ಎಂಟು.